ಅಪ್ಪನ ಮೂರು ಪ್ರಶ್ನೆಗಳು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಇವೆರಡರಲ್ಲಿ ಒಂದನ್ನಾದರೂ ಮಾಡಿದವರಿಗೆ ತಿಳಿವು ತಾನಾಗಿ ಒದಗುವುದೆಂದು ಅವರು ನಂಬಿದ್ದರು. ಆದರೆ ದೇಶ ಸುತ್ತಿದವರೆಲ್ಲರೂ ದೇಶವನ್ನು ಕಂಡವರೇ? ಗಾಣದ ಎತ್ತು ಬೆಳಗಿನಿಂದ ಬೈಗಿನವರೆಗೆ ನಡೆಯುತ್ತದೆ. ಆದರೆ ಅದು ಕಂಡ ಊರು ಯಾವುದು? ಕಾಲು ನಡೆದ ದೂರವನ್ನು ಅಳೆಯುವುದು ಸುಲಭ. ಕಣ್ಣು ನಡೆದ ದೂರವನ್ನು ಅಳೆಯುವುದು ಕಷ್ಟ.

ಸಂಡೂರು ತಾಲ್ಲೂಕಿನ ಬಂಡ್ರಿಯ ರೈತರೊಬ್ಬರ ಮಗಳ ವೃತ್ತಾಂತ ಇದಕ್ಕೆ ಒಳ್ಳೆಯ ನಿದರ್ಶನ. ಆಕೆ ಹೊಸಪೇಟೆಯ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಕಾಲೇಜು ಓದಿದಳು. ಅನಂತರ ಬೆಂಗಳೂರಿಗೆ ಹೋಗಿ ತರಬೇತಿ ಪಡೆದು ಗಗನಸಖಿಯಾದಳು. ಮಳೆಯನ್ನೇ ನಂಬಿ ಬೇಸಾಯ ಮಾಡುವ ಮನೆಯಲ್ಲಿ ಹುಟ್ಟಿ, ಮೋಡಗಳನ್ನು ಕೆಳಗೆ ನೋಡುವ ಕೆಲಸಕ್ಕೆ ಸೇರಿದ ಈ ಹುಡುಗಿಯ ವಿಷಯವಾಗಿ ಊರಿನವರಿಗೆಲ್ಲ ಅಭಿಮಾನವಿತ್ತು.

ಗಗನಸಖಿಯ ಕೆಲಸವೆಂದರೆ ನಗುಮುಖದಿಂದ ಊಟ ತಿಂಡಿ ಹಂಚುವುದು ಎಂದು ಹಲವರು ಭಾವಿಸುತ್ತಾರೆ. ಅದು ಆ ಕೆಲಸದ ಹೊರನೋಟ ಮಾತ್ರ. 1930ರ ಮೇ 15ರಂದು ಅಮೆರಿಕದಲ್ಲಿ ಮೊತ್ತಮೊದಲ ಗಗನಸಖಿಯಾಗಿ ವಿಮಾನವೇರಿದ ಎಲೆನ್ ಚರ್ಚ್ ಎಂಬಾಕೆ ಒಬ್ಬ ದಾದಿ. ದೊಡ್ಡ ಪ್ರಯಾಣಿಕ ವಿಮಾನವೊಂದಕ್ಕೆ ಹಾರಾಟದ ಒಪ್ಪಿಗೆ ದೊರೆಯಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡುಗಳೊಳಗೆ ಎಲ್ಲರನ್ನೂ ಹೊರಕ್ಕೆ ಇಳಿಸಬಹುದೆಂದು ತೋರಿಸಬೇಕು. ಆಪತ್ತು ಬಂದಾಗ ಹಾಗೆ ಇಳಿಸುವ ಹೊಣೆ ಗಗನಸಖಿಯರದು. 1986ರ ಸೆಪ್ಟೆಂಬರ್ 5ರಂದು ಕರಾಚಿಯ ನಿಲ್ದಾಣದಲ್ಲಿ ವಿಮಾನವೊಂದನ್ನು ಆಯುಧಧಾರಿಗಳು ವಶಪಡಿಸಿಕೊಂಡಾಗ, ಇಪ್ಪತ್ತಮೂರು ವರ್ಷವೂ ತುಂಬದ ನೀರಜಾ ಭನೋಟ್ ಪ್ರಯಾಣಿಕರನ್ನು ಪಾರುಮಾಡುತ್ತ ಪ್ರಾಣ ಕೊಟ್ಟಳು. ಭಾರತ ಸರಕಾರ ಆಕೆಗೆ ಮರಣೋತ್ತರವಾಗಿ ಅಶೋಕ ಚಕ್ರವನ್ನು ನೀಡಿ ಗೌರವಿಸಿತು. ಬಂಡ್ರಿಯ ಹುಡುಗಿಯೂ ಇಂಥ ಹೊಣೆಯನ್ನು ಅರಿತು, ಒಂಬತ್ತು ವರ್ಷ ಒಂದು ದೂರೂ ಬಾರದಂತೆ ದುಡಿದಳು.

ಆ ಒಂಬತ್ತು ವರ್ಷಗಳಲ್ಲಿ ಅವಳು ಇಳಿದ ಊರುಗಳಿಗೆ ಲೆಕ್ಕವಿರಲಿಲ್ಲ. ಅವಳ ಪಾಸ್‌ಪೋರ್ಟಿನ ಪುಟಗಳಲ್ಲಿ ಮುದ್ರೆಯ ಮೇಲೆ ಮುದ್ರೆ ಬಿದ್ದಿತ್ತು. ಆದರೆ ಇಳಿದ ಊರಿನಲ್ಲಿ ಅವಳು ಮಾಡುತ್ತಿದ್ದುದೇನು? ನಿಲ್ದಾಣದಿಂದ ಬಸ್ಸಿನಲ್ಲಿ ಹೊಟೇಲಿಗೆ ಹೋಗುವುದು, ಪರದೆ ಎಳೆದು ನಿದ್ರಿಸುವುದು, ಎದ್ದು ಸಮವಸ್ತ್ರ ತೊಟ್ಟು ಮರಳುವುದು. ಅದು ಅವಳ ತಪ್ಪಲ್ಲ. ಹಗಲು ಇರುಳುಗಳು ಅದಲುಬದಲಾಗುವ ಆ ಕೆಲಸದಲ್ಲಿ ದೇಹ ಮೊದಲು ಕೇಳುವುದು ನಿದ್ರೆಯನ್ನು. ಹೊಟೇಲಿನ ಕೋಣೆಗಳೋ ಎಲ್ಲ ಊರುಗಳಲ್ಲಿಯೂ ಒಂದೇ ಬಗೆ. ಹೀಗೆ ಅವಳು ಜಗತ್ತನ್ನೆಲ್ಲ ಮುಟ್ಟಿದಳು, ಏನನ್ನೂ ಕಾಣಲಿಲ್ಲ.

ಈ ಕೊರತೆ ಅವಳಿಗೆ ತಾನಾಗಿ ತಿಳಿಯುತ್ತಿರಲಿಲ್ಲ. ತಿಳಿಯುವಂತೆ ಮಾಡಿದವರು ಅವಳ ತಂದೆ. ಅವರಿಗೆ ಗ್ಲಾಕೋಮ ಎಂಬ ಕಣ್ಣಿನ ಬೇನೆ. ಅದು ನೋಟವನ್ನು ಅಂಚುಗಳಿಂದ ಒಳಮುಖವಾಗಿ ತಿನ್ನುತ್ತ ಬರುತ್ತದೆ. ಔಷಧಿಯ ಹನಿಗಳಿಂದ ಅದನ್ನು ತಡೆದು ನಿಲ್ಲಿಸಬಹುದೇ ಹೊರತು, ಹೋದ ನೋಟ ಮರಳುವುದಿಲ್ಲ. ತಂದೆಗೆ ಎದುರಿಗಿದ್ದುದು ಮಾತ್ರ ಕೊಳವೆಯೊಳಗಿಂದ ಕಂಡಂತೆ ಕಾಣುತ್ತಿತ್ತು. ಮಗಳು ಯಾವುದೇ ಊರಿನಿಂದ ದೂರವಾಣಿಯಲ್ಲಿ ಮಾತನಾಡಿದರೂ ಅವರು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತಿದ್ದರು:

“ಆ ಊರಾಗೆ ಏನು ಬೆಳೀತಾರವ್ವಾ? ನೀರು ಎಲ್ಲಿಂದ ಬರ್ತೈತೆ? ಹೊರಗಿನವರನ್ನ ಜನ ಹೆಂಗೆ ಮಾತಾಡಿಸ್ತಾರೆ?”

“ಎಲ್ಲ ಚೆನ್ನಾಗೈತಪ್ಪಾ” ಎಂಬುದೊಂದೇ ಮಗಳ ಉತ್ತರ. ತಂದೆ ಒಮ್ಮೆಯೂ ಬೇಸರಿಸಲಿಲ್ಲ. ಮುಂದಿನ ಸಲ ಮತ್ತೆ ಅವೇ ಮೂರು ಪ್ರಶ್ನೆಗಳು.

ಒಂದು ವರ್ಷ ದಸರೆಯ ರಜೆಯಲ್ಲಿ ಅವಳು ನಾಲ್ಕು ದಿನಗಳ ಮಟ್ಟಿಗೆ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್‌ಗೆ ಹೊರಟಳು. ಈ ಬಾರಿ ಸಮವಸ್ತ್ರವಿರಲಿಲ್ಲ, ಜೊತೆಗೆ ಗೆಳತಿಯಿದ್ದಳು. ಹೊಸಪೇಟೆಯಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದ ಈ ಗೆಳತಿ ಕಂಪ್ಲಿಯ ಕಡೆಯವಳು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವನ್ನು ಕಲಿಸುವವಳು. ಅವಳು ಅದುವರೆಗೆ ವಿಮಾನ ಹತ್ತಿದವಳಲ್ಲ. ಎರಡು ವರ್ಷ ಸಂಬಳದಲ್ಲಿ ಉಳಿಸಿ ಟಿಕೇಟಿನ ಹಣ ಹೊಂದಿಸಿದ್ದಳು. ಎಲ್ಲಿಗೆ ಹೋಗೋಣವೆಂದು ಕೇಳಿದಾಗ ಅವಳು ತಡವರಿಸದೆ ಲಿಸ್ಬನ್ನಿನ ಹೆಸರು ಹೇಳಿದಳು. “ಅವರು ನಮ್ಮೂರು ನೋಡಿ ಐನೂರು ವರ್ಷ ಆಯಿತು. ನಾವು ಅವರೂರು ಒಮ್ಮೆ ನೋಡಿ ಬರೋಣ ಬಾರೇ” ಎಂದಳು.

ನಡುವೆ ವಿಮಾನ ಬದಲಿಸಿ ಅವರು ಲಿಸ್ಬನ್ ಮುಟ್ಟಿದಾಗ ಅಲ್ಲಿ ಮಧ್ಯಾಹ್ನ. ನಮ್ಮ ಗಡಿಯಾರಕ್ಕಿಂತ ಅಲ್ಲಿನದು ಆಗ ನಾಲ್ಕೂವರೆ ಗಂಟೆ ಹಿಂದೆ. ತೇಜು ಎಂಬ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವಲ್ಲಿ, ಏರು ತಗ್ಗಿನ ಗುಡ್ಡಗಳ ಮೇಲೆ ಹರಡಿದ ಊರು ಅದು. ಕಿರಿದಾದ ಬೀದಿಗಳಲ್ಲಿ ಹಳದಿ ಬಣ್ಣದ ಟ್ರಾಮು ಬಂಡಿಗಳು ಕಿರುಗುಟ್ಟುತ್ತ ಏರಿ ಇಳಿಯುತ್ತವೆ. ಮನೆಗಳ ಗೋಡೆಗಳಿಗೆ ಚಿತ್ರ ಬರೆದ ಹೊಳಪಿನ ಬಿಲ್ಲೆಗಳು. ಕಾಲುದಾರಿಗೆ ಕಪ್ಪು ಬಿಳುಪು ಕಲ್ಲುಗಳನ್ನು ಜೋಡಿಸಿದ ವಿನ್ಯಾಸ.

ಹೊಟೇಲಿನಲ್ಲಿ ಕೋಣೆಯ ಬೀಗದ ಕೈ ಕೊಡುತ್ತ ಅಲ್ಲಿನ ನೌಕರ ತನ್ನ ಭಾಷೆಯಲ್ಲಿ ‘ಶಾವ್’ ಎಂದ. ಗಗನಸಖಿ ಅದನ್ನು ತೆಗೆದುಕೊಂಡು ಲಿಫ್ಟಿನತ್ತ ನಡೆದಳು. ಗೆಳತಿ ಮಾತ್ರ ನಿಂತಲ್ಲಿಯೇ ನಿಂತಳು.

“ಕೇಳಿದೆಯಾ? ಅವನು ಹೇಳಿದ್ದು ನಮ್ಮ ಚಾವಿ! ಆ ಮಾತು ಇವರಿಂದಲೇ ನಮಗೆ ಬಂದದ್ದು. ಪಾದ್ರಿ, ಅಲಮಾರು, ಅನಾನಸು, ಬಟಾಟೆ, ಎಲ್ಲ ಇವರ ಹಡಗಿನಲ್ಲಿ ಬಂದ ಮಾತುಗಳು” ಎಂದಳು. ಒಂಬತ್ತು ವರ್ಷಗಳಿಂದ ನೂರಾರು ಹೊಟೇಲುಗಳಲ್ಲಿ ಚಾವಿ ಪಡೆದಿದ್ದವಳಿಗೆ, ಚಾವಿಯನ್ನು ಕೈಗೆ ಕೊಡುವವನ ಮಾತಿಗೆ ಕಿವಿಗೊಡಬೇಕೆಂದು ಎಂದೂ ತೋರಿರಲಿಲ್ಲ.

ಅಂದು ಸಂಜೆ ತಂದೆಯ ಧ್ವನಿ ಕೇಳಿಬಂತು. ಅವೇ ಪ್ರಶ್ನೆಗಳು. “ಚೆನ್ನಾಗೈತಪ್ಪಾ” ಎಂದಳು ಮಗಳು, ರೂಢಿಯಂತೆ. ಗೆಳತಿ ಕುತೂಹಲದಿಂದ ಕೇಳಿದಳು: “ಹೌದಲ್ಲವೇ, ಈ ಊರಿಗೆ ನೀರು ಎಲ್ಲಿಂದ ಬರುತ್ತದೆ?” ಎದುರಿಗೆ ಅಷ್ಟು ದೊಡ್ಡ ಹೊಳೆ ಹರಿಯುತ್ತಿರುವಾಗ ಇದೆಂಥ ಪ್ರಶ್ನೆಯೆಂದು ಇವಳು ನಕ್ಕಳು. ಆದರೆ ಉತ್ತರ ಹುಡುಕಹೊರಟಾಗ ನಗು ನಿಂತಿತು. ಸಾಗರದ ಉಬ್ಬರದಿಂದಾಗಿ ಅಲ್ಲಿ ಹೊಳೆಯ ನೀರು ಉಪ್ಪು. ಹೊಳೆಯ ದಡದಲ್ಲಿದ್ದೂ ಕುಡಿಯುವ ನೀರಿಗೆ ಪರದಾಡಿದ ಊರು ಅದು.

ಮರುದಿನ ಇಬ್ಬರೂ ಅಲ್ಕಾಂತರ ಕಣಿವೆಗೆ ಹೋದರು. ಐದನೆಯ ಜುವಾಂವ್ ಎಂಬ ರಾಜನ ಕಾಲದಲ್ಲಿ, ಪ್ರಜೆಗಳು ಕೊಳ್ಳುವ ಎಣ್ಣೆ, ಮಾಂಸ, ದ್ರಾಕ್ಷಾರಸಗಳ ಮೇಲೆ ಸುಂಕ ಹೇರಿ, ಆ ಹಣದಿಂದ ಕಟ್ಟಿದ ಮೇಲ್ಗಾಲುವೆ ಅಲ್ಲಿದೆ. ಕಣಿವೆಗೆ ಅಡ್ಡಲಾಗಿ ಸಾಲಾಗಿ ನಿಂತ 35 ಕಲ್ಲಿನ ಕಮಾನುಗಳು. ಅತಿ ಎತ್ತರದ ಕಮಾನು ಸುಮಾರು 65 ಮೀಟರ್. ದೂರದ ಊಟೆಗಳ ನೀರು ಅದರ ಮೇಲೆ ಹರಿದು 1748ರಲ್ಲಿ ಪಟ್ಟಣವನ್ನು ಮುಟ್ಟಿತು. ಏಳು ವರ್ಷಗಳ ಬಳಿಕ, 1755ರ ನವೆಂಬರ್ 1ರಂದು, ಭಾರಿ ಭೂಕಂಪದಿಂದಲೂ ಅದರ ಬೆನ್ನಿಗೇ ಬಂದ ಕಡಲಿನ ಅಲೆ ಮತ್ತು ಬೆಂಕಿಗಳಿಂದಲೂ ಲಿಸ್ಬನ್ ನೆಲಸಮವಾಯಿತು. ಕಮಾನುಗಳು ಮಾತ್ರ ಅಲುಗದೆ ನಿಂತವು. ಹಾಳಾದ ಊರನ್ನು ಜನ ಮತ್ತೆ ಕಟ್ಟುವಾಗ ಅವರಿಗೆ ನೀರು ಕೊಟ್ಟವು. ಕಮಾನಿನ ಬುಡದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದ ಗಗನಸಖಿಗೆ, ತಂದೆಗೆ ಹೇಳಲು ಮೊದಲ ಸಲ ಏನೋ ದೊರೆತಂತಾಯಿತು.

ಮೂರನೆಯ ದಿನ ಅವರು ಪೂರ್ವಕ್ಕಿರುವ ಎವೊರ ಎಂಬ ಹಳೆಯ ಪಟ್ಟಣಕ್ಕೆ ಬಸ್ಸಿನಲ್ಲಿ ಹೋದರು. ದಾರಿಯುದ್ದಕ್ಕೂ ಬಯಲಿನಲ್ಲಿ ಬಿಡಿಬಿಡಿಯಾಗಿ ನಿಂತ ಮರಗಳು. ಅವುಗಳ ಕಾಂಡ ಸೊಂಟದವರೆಗೆ ತೊಗಟೆ ಸುಲಿದು ಕೆಂಪಗೆ ಕಾಣುತ್ತಿತ್ತು. ಒಂದೊಂದರ ಮೇಲೂ ಬಿಳಿಯ ಬಣ್ಣದ ಒಂದು ಅಂಕೆ. ಅವು ಸೀಸೆಗೆ ಹಾಕುವ ಬಿರಡೆಯ ಮರಗಳು. ಪ್ರಪಂಚದಲ್ಲಿ ದೊರೆಯುವ ಬಿರಡೆಯ ಸುಮಾರು ಅರ್ಧದಷ್ಟು ಪೋರ್ಚುಗಲ್ಲಿನದು. ಮರಕ್ಕೆ ಸುಮಾರು ಇಪ್ಪತ್ತೈದು ವರ್ಷವಾದ ಮೇಲೆ ಮೊದಲ ಸುಲಿತ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಸುಲಿದ ವರ್ಷದ ಕೊನೆಯ ಅಂಕೆಯನ್ನು ಮರದ ಮೇಲೆ ಬರೆದಿಡುತ್ತಾರೆ. ಸೀಸೆಗೆ ಒಪ್ಪುವಂಥ ನಯವಾದ ತೊಗಟೆ ಸಿಕ್ಕುವುದು ಮೂರನೆಯ ಸುಲಿತದಲ್ಲಿ. ಅಷ್ಟು ಹೊತ್ತಿಗೆ ನೆಟ್ಟವನಿಗೆ ಮುಪ್ಪು ಬಂದಿರುತ್ತದೆ. ಮರವನ್ನು ಕಡಿಯುವುದಿಲ್ಲ, ಗಾಯವಾಗದಂತೆ ತೊಗಟೆಯನ್ನು ಬಿಡಿಸಿ ಮತ್ತೆ ಬೆಳೆಯಲು ಬಿಡುತ್ತಾರೆ. ಇದನ್ನು ಕೇಳಿದರೆ ಹೊಲದ ಬದುವಿನಲ್ಲಿ ಹುಣಿಸೆ ನೆಟ್ಟ ಅಪ್ಪನಿಗೆ ಎಷ್ಟು ಸಂತೋಷವಾದೀತೆಂದು ಮಗಳು ನೆನೆದಳು. ಅವಳ ಕೈಯಲ್ಲಿ ಈಗ ಗೆಳತಿಯದರಂತೆಯೇ ಒಂದು ಪುಟ್ಟ ಪುಸ್ತಕವಿತ್ತು.

ಎವೊರದಲ್ಲಿ ರೋಮನರ ಕಾಲದ ಕಲ್ಲಿನ ದೇಗುಲವೊಂದರ ಕಂಬಗಳು ಇನ್ನೂ ನಿಂತಿವೆ. ಆ ಪಟ್ಟಣವನ್ನು ಯುನೆಸ್ಕೋ ವಿಶ್ವ ಪರಂಪರೆಯ ತಾಣವೆಂದು ಸಾರಿದ್ದು 1986ರಲ್ಲಿ. ಹಂಪಿಯನ್ನು ಅದೇ ಪಟ್ಟಿಗೆ ಸೇರಿಸಿದ್ದೂ ಅದೇ ವರ್ಷವೆಂದು ಗೆಳತಿ ಜ್ಞಾಪಿಸಿದಳು.

ಅಂದು ಲಿಸ್ಬನ್‌ಗೆ ಮರಳಿದ ಮೇಲೆ, ಅಲ್ಫಾಮ ಎಂಬ ಹಳೆಯ ಕೇರಿಯ ಸಂದುಗೊಂದುಗಳಲ್ಲಿ ಇಬ್ಬರೂ ದಾರಿ ತಪ್ಪಿದರು. ಕಿಟಕಿಯಲ್ಲಿ ಬಟ್ಟೆ ಹರವುತ್ತಿದ್ದ ಮುದುಕಿಯೊಬ್ಬಳು ಇವರ ಮುಖಭಾವ ಕಂಡು ಕೆಳಗಿಳಿದು ಬಂದಳು. ಆಕೆಗೆ ಇಂಗ್ಲಿಷ್ ಬಾರದು. ಇವರಿಗೆ ಆಕೆಯ ಭಾಷೆ ಬಾರದು. ‘ಟ್ರಾಮು’ ಎಂಬ ಒಂದು ಮಾತಿನಿಂದಲೇ ಆಕೆ ಎಲ್ಲವನ್ನೂ ಅರ್ಥಮಾಡಿಕೊಂಡು, ಮೆಟ್ಟಿಲುಗಳನ್ನು ನಿಧಾನವಾಗಿ ಇಳಿಯುತ್ತ ನಿಲ್ದಾಣದವರೆಗೂ ಜೊತೆಗೆ ನಡೆದು, ಬಂಡಿ ಬರುವವರೆಗೆ ನಿಂತಿದ್ದು ಕೈ ಬೀಸಿದಳು. ತಂದೆಯ ಮೂರನೆಯ ಪ್ರಶ್ನೆಗೆ ಉತ್ತರ ತಾನಾಗಿ ನಡೆದು ಬಂದಿತ್ತು.

ಕೊನೆಯ ದಿನ ಅವರು ಬೆಲೆಮ್ ಎಂಬಲ್ಲಿ ನದಿಯ ದಡದ ಕೋಟೆ-ಗೋಪುರವನ್ನೂ ಜೆರೋನಿಮಸ್ ಮಠವನ್ನೂ ನೋಡಿದರು. ಮಠದಲ್ಲಿ, 1498ರಲ್ಲಿ ಕಲ್ಲಿಕೋಟೆಯನ್ನು ಮುಟ್ಟಿದ ವಾಸ್ಕೊ ಡ ಗಾಮನ ಸಮಾಧಿಯಿದೆ. ಅಲ್ಲಿನ ರಾಜರ ಸಮಾಧಿಗಳನ್ನು ಅಮೃತಶಿಲೆಯ ಆನೆಗಳು ಹೊತ್ತು ನಿಂತಿವೆ. ಗೋಪುರದ ಹೊರಗೋಡೆಯಲ್ಲೊಂದು ಸವೆದ ಘೇಂಡಾಮೃಗದ ತಲೆ. 1515ರಲ್ಲಿ ಗುಜರಾತಿನ ಸುಲ್ತಾನ ಕಾಣಿಕೆ ಕೊಟ್ಟ ಘೇಂಡಾಮೃಗವೊಂದು ಹಡಗಿನಲ್ಲಿ ಲಿಸ್ಬನ್ ತಲುಪಿ, ಅಲ್ಲಿನ ಜನರನ್ನು ಬೆರಗುಗೊಳಿಸಿತ್ತು.

ಗೋಪುರದ ನೆರಳಿನಲ್ಲಿ ಕುಳಿತು ಗೆಳತಿ ಹೇಳಿದಳು: “ಇಲ್ಲಿಂದ ಹೊರಟವರೆಲ್ಲರೂ ನೋಡಲೆಂದು ಹೊರಟವರಲ್ಲ. ಮೆಣಸು ಕೊಳ್ಳಲು ಬಂದರು, ಬಂದೂಕು ಹಿಡಿದು ಬಂದರು, 1510ರಲ್ಲಿ ಗೋವೆಯನ್ನು ಹಿಡಿದರು. ಆದರೆ ಅವರಲ್ಲಿ ನಿಜವಾಗಿ ನೋಡಿದವನೊಬ್ಬನಿದ್ದ.”

ಅವಳು ಹೇಳಿದ್ದು ಡೊಮಿಂಗೊ ಪಾಯಸನ ವಿಷಯ. 1520ರ ಸುಮಾರಿನಲ್ಲಿ, ಕೃಷ್ಣದೇವರಾಯನು ಆಳುತ್ತಿದ್ದಾಗ, ಕುದುರೆಗಳನ್ನು ಮಾರುವ ಕ್ರಿಸ್ತೋವಾಂವ್ ಡಿ ಫಿಗೆರೆಡೊ ಎಂಬವನ ಸಂಗಡಿಗರಲ್ಲಿ ಒಬ್ಬನಾಗಿ ಪಾಯಸ್ ವಿಜಯನಗರಕ್ಕೆ ಬಂದ. ಸಂಗಡಿಗರ ಮನಸ್ಸು ವ್ಯಾಪಾರದಲ್ಲಿತ್ತು. ಅವನು ಕಣ್ಣು ತೆರೆದುಕೊಂಡು ತಿರುಗಾಡಿದ. ಒಂದು ಗುಡ್ಡವನ್ನೇರಿ ನೋಡಿ, ಪಟ್ಟಣ ರೋಮಿನಷ್ಟು ದೊಡ್ಡದೆಂದೂ, ಮನೆ ಮನೆಗೂ ತೋಟಗಳಿವೆಯೆಂದೂ, ಅವುಗಳ ನಡುವೆ ಕಾಲುವೆಗಳು ಹರಿಯುತ್ತವೆಯೆಂದೂ ಬರೆದ. ನಾಡಿನಲ್ಲಿ ಬೆಳೆಯುವ ಭತ್ತ, ಜೋಳ, ಕಾಳು, ಹತ್ತಿಗಳನ್ನು ಹೆಸರಿಸಿದ. ಮಳೆಯ ನೀರನ್ನು ಜನ ಕೆರೆಗಳಲ್ಲಿ ಹಿಡಿದಿಡುವ ಬಗೆಯನ್ನು ಗಮನಿಸಿದ. ರಾಜನು ಕಟ್ಟಿಸುತ್ತಿದ್ದ ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದುದನ್ನು ಕಂಡ. ಅತಿಥಿಗಳಿಗೆ ರಾಜನು ಒಳ್ಳೆಯ ಬಿಡಾರ ಕೊಟ್ಟು, ಕುರಿ, ಕೋಳಿ, ಬೆಣ್ಣೆ, ಜೇನು ಕಳುಹಿಸಿದ್ದನ್ನೂ, ಅವರು ಬೇಡಿಕೊಂಡಾಗ ಅರಮನೆಯ ಒಳಭಾಗವನ್ನು ತೋರಿಸಲು ಅಪ್ಪಣೆಯಿತ್ತುದನ್ನೂ ಮರೆಯದೆ ಬರೆದ.

“ನೋಡಿದೆಯಾ, ಏನು ಬೆಳೆಯುತ್ತಾರೆ, ನೀರು ಎಲ್ಲಿಂದ ಬರುತ್ತದೆ, ಹೊರಗಿನವರನ್ನು ಹೇಗೆ ನಡೆಸಿಕೊಳ್ಳುತ್ತಾರೆ. ಪಾಯಸ್ ಉತ್ತರ ಬರೆದದ್ದು ನಿಮ್ಮ ಅಪ್ಪನ ಮೂರು ಪ್ರಶ್ನೆಗಳಿಗೇ!” ಎಂದಳು ಗೆಳತಿ. “ಆ ಬರಹ ಗೋವೆಯಿಂದ ಈ ದೇಶಕ್ಕೆ ಬಂದದ್ದೂ, ವಿಜಯನಗರದ ಸಂಗತಿ ತಿಳಿಯಬೇಕೆಂದು ಇಲ್ಲಿ ಕುಳಿತು ಕೇಳಿದವರೊಬ್ಬರು ಇದ್ದುದರಿಂದ.”

ಅವನು ಕಂಡ ಪಟ್ಟಣ 1565ರ ಯುದ್ಧದ ಬಳಿಕ ಹಾಳಾಯಿತು. ಬರಹ ಉಳಿಯಿತು. ಪ್ಯಾರಿಸ್ಸಿನ ಗ್ರಂಥಾಲಯವೊಂದರಲ್ಲಿದ್ದ ಅದರ ಹಸ್ತಪ್ರತಿಯನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಹಾಕಿದರು. 1900ರಲ್ಲಿ ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದ. ಹಂಪಿಯ ಮುರಿದ ಕಲ್ಲುಗಳ ನಡುವೆ ನಿಂತವರಿಗೆ ಒಂದು ಕಾಲದಲ್ಲಿ ಅಲ್ಲಿದ್ದ ಜನಜೀವನ ಕಣ್ಣಿಗೆ ಕಟ್ಟುವುದು, ಇಂಥ ಕೆಲವರು ಅಂದು ಕಣ್ಣಿಟ್ಟು ನೋಡಿದ್ದರ ಫಲ.

ಮಗಳು ಬಂಡ್ರಿಗೆ ಬಂದಳು. ಅಂದು ರಾತ್ರಿ ಊಟವಾದ ಮೇಲೆ ತಂದೆಯ ಪಕ್ಕದಲ್ಲಿ ಕುಳಿತು, ಪುಟ್ಟ ಪುಸ್ತಕವನ್ನು ತೆರೆದು ಎಲ್ಲವನ್ನೂ ಹೇಳಿದಳು. ತಂದೆ ನಡುನಡುವೆ ಕೇಳುತ್ತಿದ್ದರು: ತೊಗಟೆ ಸುಲಿಯಲು ಕೊಡಲಿಯೋ ಕುಡುಗೋಲೋ? ಕಾಲುವೆಗೆ ಇಳಿಜಾರು ಎಷ್ಟು ಕೊಟ್ಟಿದ್ದಾರೆ? ಆ ಮುದುಕಿಗೆ ಮಕ್ಕಳು ಇದ್ದಾರೇನು? ಹಲವಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಆದರೂ ತಂದೆಯ ಮುಖ ಅರಳಿತ್ತು. ಎಲ್ಲವನ್ನೂ ಕೇಳಿ ಮುಗಿಸಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

“ಹಂಗಾದ್ರೆ ನಮ್ಮ ಹಂಪಿ ಹೆಂಗೈತವ್ವಾ ಈಗ? ನಾನು ನೋಡಿ ಬಹಳ ವರ್ಷ ಆತು.”

ಮಗಳು ಬಾಯಿ ತೆರೆದಳು; ಮಾತು ಹೊರಡಲಿಲ್ಲ. ಹೊಸಪೇಟೆಯಲ್ಲಿದ್ದ ಅಷ್ಟು ವರ್ಷಗಳಲ್ಲಿ ಅವಳು ಹಂಪಿಗೆ ಹೋದದ್ದು ಎರಡು ಸಲ. ಒಮ್ಮೆ ಶಾಲೆಯ ಪ್ರವಾಸದಲ್ಲಿ, ಒಮ್ಮೆ ಗೆಳತಿಯರೊಡನೆ ಜಾತ್ರೆಗೆ. ರಥದ ಮುಂದಿನ ಗದ್ದಲವಲ್ಲದೆ ಬೇರೇನೂ ನೆನಪಿಗೆ ಬರಲಿಲ್ಲ. ತಲೆ ತಗ್ಗಿಸಿ, “ನಾಳೆ ಹೋಗೋಣಪ್ಪಾ” ಎಂದಳು.

ಮರುದಿನ ಬೆಳಗಿನ ಬಸ್ಸಿನಲ್ಲಿ ಅವರು ಸಂಡೂರನ್ನು ಹಾದು ಹೊಸಪೇಟೆಗೆ ಬಂದು, ಅಲ್ಲಿಂದ ಹಂಪಿಯ ದಾರಿ ಹಿಡಿದರು. ಹೊಸಪೇಟೆ ಎಂದರೆ ಪಾಯಸ್ ಕಂಡ ರಾಯನ ಹೊಸ ಪಟ್ಟಣ, ನಾಗಲಾಪುರ. ಅಲ್ಲಿಂದ ರಾಜಧಾನಿಗೆ ಹೋಗುವ ಈ ದಾರಿಯ ಎರಡು ಬದಿಗೂ ಮರಗಳ ಸಾಲನ್ನೂ ಅಂಗಡಿಗಳನ್ನೂ ಅವನು ಕಂಡಿದ್ದ. ಅನಂತಶಯನಗುಡಿಯ ಎತ್ತರದ ದೇಗುಲವನ್ನು ದಾಟುವಾಗ ಮಗಳು ಮೊದಲ ಬಾರಿಗೆ ಅದನ್ನು ತಿರುಗಿ ನೋಡಿದಳು. ಬಾಳೆಯ ತೋಟಗಳ ನಡುವೆ ಕಾಲುವೆಯೊಂದು ಹರಿಯುತ್ತಿತ್ತು. “ಇದು ಅಣೆಕಟ್ಟಿನ ಹೊಸ ಕಾಲುವೆ ಅಲ್ಲವ್ವಾ, ರಾಯರ ಕಾಲದ್ದು. ಇನ್ನೂ ಗದ್ದೆಗೆ ನೀರು ಕೊಡ್ತೈತೆ” ಎಂದರು ತಂದೆ. ಅವರಿಗೆ ಅದು ಸರಿಯಾಗಿ ಕಾಣುತ್ತಿರಲಿಲ್ಲ. ನೀರಿನ ತಂಪಿನಿಂದಲೇ ಗುರುತಿಸಿದ್ದರು.

ಹಂಪಿಯಲ್ಲಿ ಅರಮನೆಯ ಆವರಣದೊಳಗೆ, ಕೊಳಕ್ಕೆ ನೀರು ತರಲು ಕಂಬಗಳ ಮೇಲೆ ಜೋಡಿಸಿದ ಕಲ್ಲಿನ ಮೇಲ್ಗಾಲುವೆಯಿದೆ. ತಂದೆ ಅದರ ಅಂಚಿನ ಮೇಲೆ ಕೈಯಾಡಿಸುತ್ತ ಮೆಲ್ಲನೆ ನಡೆದರು. ಹತ್ತಿರದ ಬಂಡೆಯೊಂದರಲ್ಲಿ ಸಾಲಾಗಿ ಕೊರೆದ ಕುಳಿಗಳು ಅವರ ಬೆರಳಿಗೆ ಸಿಕ್ಕಿದವು. ಬೆಣೆ ಬಡಿದು ಬಂಡೆಯನ್ನು ನೇರವಾಗಿ ಸೀಳಲು ಕಲ್ಲುಕುಟಿಗರು ಹಾಗೆ ಕೊರೆಯುತ್ತಿದ್ದರೆಂದು ಅವರು ವಿವರಿಸಿದರು. ಐನೂರು ವರ್ಷಗಳ ಹಿಂದೆ ಕೆಲಸ ಅರ್ಧಕ್ಕೆ ನಿಂತ ಬಂಡೆ ಅದು. ಲಿಸ್ಬನ್ನಿನ ಕಮಾನುಗಳನ್ನು ಅಳೆದು ಬರೆದುಕೊಂಡು ಬಂದ ಮಗಳು ಈ ಕಾಲುವೆಯ ಕಂಬಗಳನ್ನು ಎಣಿಸತೊಡಗಿದಳು.

ಮಧ್ಯಾಹ್ನ ಹೇಮಕೂಟದ ಬಂಡೆಯ ಮೇಲೆ ಇಬ್ಬರೂ ಕುಳಿತರು. ಕೆಳಗೆ ವಿರೂಪಾಕ್ಷನ ಗೋಪುರ, ಅದರಾಚೆ ತುಂಗಭದ್ರೆ. “ನೇರಕ್ಕೆ ಇರೋದು ಗೋಪುರ ಮಾತ್ರ ನನಗೆ ಕಾಣ್ತೈತೆ. ಪಕ್ಕದ್ದು ನೀನು ಹೇಳವ್ವಾ” ಎಂದರು ತಂದೆ. ಆಗ ಊರುಗೋಲು ಹಿಡಿದ ಪರದೇಶದ ವೃದ್ಧ ಯಾತ್ರಿಕರಿಬ್ಬರು ಜಾರುಬಂಡೆಯನ್ನು ಹತ್ತಲಾರದೆ ನಿಂತಿದ್ದರು. ಮಗಳು ಎದ್ದು ಹೋಗಿ, ಅವರ ಕೈ ಹಿಡಿದು ಮೇಲಕ್ಕೆ ಕರೆತಂದು ನೆರಳಿನಲ್ಲಿ ಕೂರಿಸಿದಳು. ವಿಮಾನದಲ್ಲಿ ಇಂಥ ಕೆಲಸವನ್ನು ಅವಳು ಸಾವಿರ ಸಲ ಮಾಡಿದ್ದಳು. ಅಂದು ಮಾತ್ರ ಅವರ ಊರು ಯಾವುದೆಂದು ಕೇಳಿದಳು. ಅಲ್ಲಿ ಏನು ಬೆಳೆಯುತ್ತಾರೆಂದೂ ಕೇಳಿದಳು.

ಆಮೇಲೆ ತಂದೆಯ ಪಕ್ಕಕ್ಕೆ ಬಂದು ಕುಳಿತು, ಎಡಗಡೆಯಿಂದ ಮೊದಲುಮಾಡಿ, ಕಂಡುದನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು.